ಫೋಕಸ್ ಆಗದ ಗೆಲಾಕ್ಸಿ: ಚಿತ್ರದುರ್ಗದ ಹೊಲದಲ್ಲಿ ಎಂ87

ಪ್ರಕರಣ ಇಷ್ಟೇ. ಯುಗಾದಿ ಅಮಾವಾಸ್ಯೆಯ ರಾತ್ರಿ, ಚಿತ್ರದುರ್ಗಕ್ಕೂ ಚಳ್ಳಕೆರೆಗೂ ನಡುವಿನ ಒಂದು ಶೇಂಗಾ ಹೊಲದಲ್ಲಿ ಆಕಾಶ ನೋಡುವ ಕಾರ್ಯಕ್ರಮ ಇತ್ತು. 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪನ್ನು ಎಂ87 ಅನ್ನೋ ಗೆಲಾಕ್ಸಿಯ ಕಡೆ ತಿರುಗಿಸಿದ್ದೆವು. ಸಾಲಿನಲ್ಲಿ ನಿಂತು ನೋಡಿದವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಮಾತು: "ಫೋಕಸ್ ಆಗಿಲ್ಲ." ಒಬ್ಬ ಹುಡುಗನಂತೂ ಐಪೀಸಿನ ಗಾಜನ್ನು ಅಂಗಿಯ ತುದಿಯಿಂದ ಒರೆಸೋಕೆ ಕೈ ಹಾಕಿದ. ಮೇಷ್ಟ್ರು ಹಾರಿ ಬಂದು ತಡೆದರು.

ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ಅವರು ಕಂಡದ್ದು ದುಂಡಗಿನ ಒಂದು ಮಬ್ಬು. ನಡುವೆ ಬೆಳ್ಳಗೆ, ಸುತ್ತ ಮಸುಕು, ಅಂಚು ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗಲ್ಲ. ಸುರುಳಿ ಇಲ್ಲ, ಕಪ್ಪು ಪಟ್ಟಿ ಇಲ್ಲ, ಒಂದು ಗೆರೆ ಕೂಡ ಇಲ್ಲ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನೇರವಾಗಿ ಕೇಳಿದಳು: "ಪುಸ್ತಕದಲ್ಲಿ ಗೆಲಾಕ್ಸಿ ಅಂದ್ರೆ ಸುಳಿ ಸುಳಿ ಇರುತ್ತಲ್ಲ ಸಾರ್, ಇದಕ್ಕೆ ಏನಾಗಿದೆ?"

ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಮಬ್ಬು ಯಾರದು? ಟೆಲಿಸ್ಕೋಪಿನದೋ, ಆಕಾಶದ್ದೋ, ದೂರದ್ದೋ, ಅಥವಾ ಆ ಗೆಲಾಕ್ಸಿ ಇರೋದೇ ಹಾಗೋ?

ಆ ರಾತ್ರಿ, ಆ ಜಾಗ

ಅಮಾವಾಸ್ಯೆ ಬೇಕಾಗಿದ್ದು ಕತ್ತಲಿಗೆ. ಯುಗಾದಿಯೇ ಯಾಕೆ ಅಂದರೆ, ಮಾರ್ಚ್ ಕೊನೆಯ ಹೊತ್ತಿಗೆ ಎಂ87 ಇರುವ ಕನ್ಯಾ ರಾಶಿ ಸೂರ್ಯನಿಗೆ ಸರಿಯಾಗಿ ಎದುರು ದಿಕ್ಕಿನಲ್ಲಿ ಇರುತ್ತದೆ. ಸಂಜೆ ಹುಟ್ಟಿ, ನಡುರಾತ್ರಿ ನೆತ್ತಿಗೆ ಬಂದು, ಬೆಳಗಿನ ಜಾವ ಮುಳುಗುತ್ತದೆ. ಮಹಾಶಿವರಾತ್ರಿಯೂ ಇಂಥದೇ ಕತ್ತಲ ರಾತ್ರಿ, ಜಾಗರಣೆಗೆ ಜನರೂ ಎದ್ದಿರುತ್ತಾರೆ. ಆದರೆ ಆಗ ಎಂ87 ನೆತ್ತಿಗೆ ಬರೋದು ಎರಡು ಗಂಟೆ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಮಕ್ಕಳು ಚಾಪೆ ಮೇಲೆ ಮಲಗಿಬಿಡುತ್ತಾರೆ. ಅದಕ್ಕೇ ಯುಗಾದಿ.

ಚಿತ್ರದುರ್ಗದ ಅಕ್ಷಾಂಶ ಸುಮಾರು 14 ಡಿಗ್ರಿ. ಆಕಾಶದಲ್ಲಿ ಎಂ87 ಇರೋದು ಸಮಭಾಜಕದಿಂದ ಉತ್ತರಕ್ಕೆ ಸುಮಾರು 12 ಡಿಗ್ರಿಯಲ್ಲಿ. ಅಂದರೆ ಅದು ನಮ್ಮ ಊರಿನ ನೆತ್ತಿಯಿಂದ ಎರಡೇ ಡಿಗ್ರಿ ಪಕ್ಕದಲ್ಲಿ ಹಾದು ಹೋಗುತ್ತದೆ. ಬೆಳಕು ದಾಟಬೇಕಾದ ಗಾಳಿ ಅಲ್ಲಿ ತೀರಾ ಕಡಿಮೆ. ಯುರೋಪಿನವರು ಇದನ್ನು ಓರೆಯಾಗಿ, ದಪ್ಪ ಗಾಳಿಯ ಮೂಲಕ ನೋಡಬೇಕು. ಈ ವಿಷಯದಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ.

ಅದೃಷ್ಟದ ಜೊತೆ ಒಂದು ತಲೆನೋವೂ ಇದೆ. ಡಾಬ್ಸೋನಿಯನ್ ಟೆಲಿಸ್ಕೋಪ್ ಒಂದು ಮರದ ಪೀಠದ ಮೇಲೆ ಕೂತಿರುತ್ತದೆ. ಎಡಕ್ಕೆ ಬಲಕ್ಕೆ ತಿರುಗುತ್ತದೆ, ಮೇಲೆ ಕೆಳಗೆ ಆಡುತ್ತದೆ. ಕೊಳವೆ ನೆಟ್ಟಗೆ ನೆತ್ತಿಗೆ ನಿಂತಾಗ ಎಡಬಲ ತಿರುಗಿಸಿದರೆ ಅದು ನಿಂತಲ್ಲೇ ಗಿರಕಿ ಹೊಡೆಯುತ್ತದೆ ಅಷ್ಟೇ. ಗೆಲಾಕ್ಸಿ ಒಂದು ಚೂರು ಸರಿದರೂ ಇಡೀ ಪೀಠವನ್ನು ಅರ್ಧ ಸುತ್ತು ತಿರುಗಿಸಬೇಕು. ಹಾಗಾಗಿ ಹನ್ನೆರಡೂವರೆಗೆ ಅದು ನೆತ್ತಿಗೆ ಬರುವವರೆಗೆ ಕಾಯದೆ ಹನ್ನೊಂದಕ್ಕೇ ತೋರಿಸೋಕೆ ಶುರು ಮಾಡಿದೆವು. ಈ ಟೆಲಿಸ್ಕೋಪ್ ಇಟ್ಟುಕೊಂಡಿರುವ ನಮ್ಮ ಕಡೆಯವರು ಯಾರೇ ಇರಲಿ, ಕನ್ಯಾ ಗುಂಪಿಗೆ, ಅಂದರೆ ಎಂ87 ಸೇರಿರುವ ಗೆಲಾಕ್ಸಿಗಳ ಗುಂಪಿಗೆ, ಇದೇ ಸರಿಯಾದ ಉಪಾಯ. ನೆತ್ತಿಗೆ ಒಂದೂವರೆ ಗಂಟೆ ಮುಂಚೆ ನೋಡಿ, ಇಲ್ಲವೇ ಒಂದೂವರೆ ಗಂಟೆ ಬಿಟ್ಟು ನೋಡಿ.

ಬೆಳಕಿನ ಕಾಟ ಇತ್ತು, ಆದರೆ ತಡೆಯಬಹುದಾಗಿತ್ತು. ಪಶ್ಚಿಮದಲ್ಲಿ ಊರಿನದ್ದೂ ಹೈವೇದ್ದೂ ಹೊಗೆಬಣ್ಣದ ಬೆಳಕು. ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು. ನೆತ್ತಿಯಲ್ಲಿ ಮಾತ್ರ ಒಳ್ಳೆಯ ಕತ್ತಲು.

ದಾರಿ ಹುಡುಕೋಕೆ ನಾವು ಬಳಸಿದ್ದು ಉತ್ತರೆ ನಕ್ಷತ್ರ, ಅಂದರೆ ಸಿಂಹದ ಬಾಲದಲ್ಲಿರುವ ಡೆನೆಬೋಲಾ. ಅದಕ್ಕೂ ಕನ್ಯೆಯ ವಿಂಡೆಮಿಯಾಟ್ರಿಕ್ಸ್‌ಗೂ ನಡುವೆ ಒಂದು ಗೆರೆ ಎಳೆದುಕೊಂಡು, ಅರ್ಧ ದಾರಿ ದಾಟಿ ಸ್ವಲ್ಪ ಮುಂದೆ ಹೋದರೆ ಎಂ87. ಹೊಲದ ಯಜಮಾನರು ಎಪ್ಪತ್ತು ದಾಟಿದವರು, ಬೀಡಿ ಆರಿಸಿ ಹತ್ತಿರ ಬಂದರು. "ಉತ್ತರೆ ಅಂದ್ರೆ ನಮ್ಮ ಮಳೇದಾ?" ಅಂದರು. ಹೌದಜ್ಜ, ಅದೇ ಉತ್ತರೆ, ಅದರಾಚೆ ಹಸ್ತ, ಚಿತ್ತೆ, ಸ್ವಾತಿ ಅಂತ ತೋರಿಸಿದೆವು. ಇಷ್ಟು ವರ್ಷ ಮಳೆ ಲೆಕ್ಕದಲ್ಲಿ ಎಣಿಸಿದ ಹೆಸರುಗಳನ್ನು ಅವರು ಸಾಲಾಗಿ ಆಕಾಶದಲ್ಲಿ ನೋಡಿದ್ದು ಅವತ್ತೇ ಅಂತೆ. ಐಪೀಸಿನಲ್ಲಿ ಕಣ್ಣಿಟ್ಟ ಮೇಲೆ ಮಾತ್ರ ಅವರ ತೀರ್ಪು ಬೇರೆ ಇತ್ತು: "ಈ ಮಬ್ ನೋಡಾಕೆ ಇಷ್ಟ್ ಜನ ಬಂದೀರಾ?"

ಮೊದಲು ಅನುಮಾನ ಬಂದದ್ದು ಟೆಲಿಸ್ಕೋಪಿನ ಮೇಲೆ

ಟೆಲಿಸ್ಕೋಪು ಟಾಟಾ ಏಸ್‌ನಲ್ಲಿ ಬಂದಿತ್ತು. ಹೊಲದ ದಾರಿಯಲ್ಲಿ ಕುಲುಕಾಡಿ ಒಳಗಿನ ಕನ್ನಡಿಗಳು ಜಾಗ ಬಿಟ್ಟಿರಬಹುದು ಅಂತ ಮೇಷ್ಟ್ರಿಗೆ ಅನ್ನಿಸಿತು. ನ್ಯಾಯವಾದ ಅನುಮಾನವೇ. ಸ್ವಾತಿ ನಕ್ಷತ್ರಕ್ಕೆ ತಿರುಗಿಸಿ, ಬೇಕಂತಲೇ ಫೋಕಸ್ ಕೆಡಿಸಿ ನೋಡಿದರು. ಕನ್ನಡಿ ಸರಿಯಿದ್ದರೆ ನಕ್ಷತ್ರ ಒಂದರೊಳಗೊಂದು ಉಂಗುರವಾಗಿ, ಸರಿಯಾದ ದುಂಡಗೆ ಹರಡಿಕೊಳ್ಳಬೇಕು. ವಾಲಿದ್ದರೆ ಉಂಗುರಗಳು ಒಂದು ಕಡೆ ಒತ್ತಿಕೊಳ್ಳುತ್ತವೆ. ಉಂಗುರ ದುಂಡಗೇ ಬಂತು.

ಆಮೇಲೆ ಹಸ್ತದ ಪಕ್ಕದಲ್ಲಿರುವ ಎಂ104ಕ್ಕೆ ಹೋದೆವು. ಅದನ್ನು ಸೊಂಬ್ರೆರೊ ಗೆಲಾಕ್ಸಿ ಅಂತಾರೆ. ನಡುವೆ ಧೂಳಿನ ಕಪ್ಪು ಪಟ್ಟಿ ಇದೆ. ಓರೆಗಣ್ಣಿನಿಂದ ನೋಡಿದಾಗ ಆ ಪಟ್ಟಿ ತೆಳ್ಳಗೆ, ಆದರೆ ಖಂಡಿತವಾಗಿ ಕಾಣಿಸಿತು. ಐಪೀಸಿಗೆ ಕೈ ಹಾಕಿದ್ದ ಹುಡುಗನಿಗೇ ಮೊದಲು ಕಂಡಿದ್ದು. ಅದೇ ಟೆಲಿಸ್ಕೋಪು, ಅದೇ ಐಪೀಸು. ಎಂ104ರಲ್ಲಿ ಪಟ್ಟಿ ತೋರಿಸುವಷ್ಟು ಚುರುಕಾಗಿದ್ದದ್ದು ಎಂ87ಕ್ಕೆ ಬಂದ ಕೂಡಲೇ ಕುರುಡಾಗೋಕೆ ಸಾಧ್ಯವಾ?

ಇಷ್ಟಕ್ಕೇ ಎಲ್ಲರೂ ಒಪ್ಪಲಿಲ್ಲ. ಒಪ್ಪಬೇಕಾಗೂ ಇರಲಿಲ್ಲ. ಎಂ104 ನಮಗೆ ಹತ್ತಿರ ಇದೆ, ಎಂ87 ದೂರ. ದೂರ ಇದ್ದರೆ ಸುರುಳಿ ಅಳಿಸಿಹೋದಂತೆ ಕಾಣಲ್ವಾ ಅಂತ ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುವ ಹುಡುಗಿ ಕೇಳಿದಳು. ಕಣ್ಣಿನಿಂದ ಈ ವಾದ ಮುಗಿಯುವುದಿಲ್ಲ. ಸಣ್ಣ ಟೆಲಿಸ್ಕೋಪಿನಲ್ಲಿ ಎಷ್ಟೋ ಸುರುಳಿ ಗೆಲಾಕ್ಸಿಗಳೂ ಮಬ್ಬಾಗೇ ಕಾಣುತ್ತವೆ. ಚಾರ್ಲ್ಸ್ ಮೆಸ್ಸಿಯೆ (ಈ ಹೆಸರುಗಳಲ್ಲಿರುವ 'ಎಂ' ಅವನದೇ) 1781ರ ಮಾರ್ಚ್ 18ರ ರಾತ್ರಿ ಪ್ಯಾರಿಸ್ಸಿನಿಂದ ಎಂ84ರಿಂದ ಎಂ91ರವರೆಗೆ ಎಂಟನ್ನು ಒಂದೇ ಸಲ ಪಟ್ಟಿಗೆ ಸೇರಿಸಿದಾಗ ಅವನಿಗೆ ಅವೆಲ್ಲ ಒಂದೇ ಥರದ ಮೋಡಗಳು. ಅವುಗಳಲ್ಲಿ ಎಂ88, ಎಂ90 ಸುರುಳಿ ಗೆಲಾಕ್ಸಿಗಳು, ಎಂ87 ಅಲ್ಲ. ಅದು ಅವನಿಗೆ ಗೊತ್ತಾಗುವ ಹಾಗಿರಲಿಲ್ಲ.

ಒಂದೇ ಫೋಟೋದಲ್ಲಿ ಎರಡು ಗೆಲಾಕ್ಸಿ

ತೀರ್ಮಾನ ಆದದ್ದು ಕ್ಯಾಮೆರಾದಿಂದ. ಎಂ.ಎಸ್ಸಿ. ಹುಡುಗಿಯೇ ತಂದಿದ್ದ ಡಿಎಸ್‌ಎಲ್‌ಆರ್, 200 ಮಿ.ಮೀ. ಲೆನ್ಸ್, ಭೂಮಿ ತಿರುಗಿದ ಹಾಗೆ ಕ್ಯಾಮೆರಾ ತಿರುಗಿಸುವ ಒಂದು ಸಣ್ಣ ಟ್ರ್ಯಾಕರ್. ಅರ್ಧ ಅರ್ಧ ನಿಮಿಷದ ಫೋಟೋಗಳನ್ನು ಸಾಲಾಗಿ ತೆಗೆದು, ಮನೆಗೆ ಹೋಗಿ ಒಂದರ ಮೇಲೊಂದು ಜೋಡಿಸಿದಳು.

ಫ್ರೇಮಿನ ಒಂದು ಮೂಲೆಗೆ ಎಂ87 ಬಿತ್ತು, ಇನ್ನೊಂದು ಮೂಲೆಗೆ ಎಂ100. ನಡುವೆ ಮಾರ್ಕೇರಿಯನ್ ಸರಪಳಿ ಅಂತ ಕರೆಯುವ ಗೆಲಾಕ್ಸಿಗಳ ಬಾಗಿದ ಸಾಲು. ಎಂ100 ಸುರುಳಿ ಗೆಲಾಕ್ಸಿ, ನಮಗೆ ಹೆಚ್ಚುಕಡಿಮೆ ಮುಖ ಕೊಟ್ಟು ನಿಂತಿದೆ. ಅದೂ ಕನ್ಯಾ ಗುಂಪಿನದೇ. 1994ರಲ್ಲಿ ಹಬಲ್ ದೂರದರ್ಶಕದಿಂದ ಅದರೊಳಗಿನ ಸೆಫೀಡ್ ನಕ್ಷತ್ರಗಳನ್ನು ನೋಡಿ ದೂರ ಅಳೆದಾಗ ಬಂದದ್ದು 5.6 ಕೋಟಿ ಜ್ಯೋತಿರ್ವರ್ಷದ ಹತ್ತಿರ. ಎಂ87ರ ದೂರವೂ ಸುಮಾರು 5.5 ಕೋಟಿ. ಇಬ್ಬರೂ ಒಂದೇ ಕೇರಿಯವರು.

ಫೋಟೋ ದೊಡ್ಡದು ಮಾಡಿದರೆ ಎಂ100ರಲ್ಲಿ ಎರಡು ತೋಳು ಮಸುಕಾಗಿ ಆದರೆ ಸ್ಪಷ್ಟವಾಗಿ ಸುತ್ತಿಕೊಂಡಿವೆ. ಎಂ87ರಲ್ಲಿ ಅಂಥದ್ದೇನೂ ಇಲ್ಲ. ಅದೇ ಮಬ್ಬು, ಇನ್ನೂ ದೊಡ್ಡದಾಗಿ.

ಈ ಒಂದು ಫೋಟೋ ಮೂರು ಅನುಮಾನಗಳನ್ನೂ ಒಟ್ಟಿಗೆ ಹೊಡೆದುಹಾಕಿತು. ಲೆನ್ಸ್ ಒಂದೇ. ಆಕಾಶ ಒಂದೇ, ನಿಮಿಷವೂ ಒಂದೇ. ದೂರವೂ ಒಂದೇ. ಆದ್ದರಿಂದ ವ್ಯತ್ಯಾಸ ಇರೋದು ಗೆಲಾಕ್ಸಿಯಲ್ಲೇ. ಫೋಟೋ ತೆಗೆಯುವವರಿಗೆ ನನ್ನ ಸಲಹೆ ಇದು: ಒಂದೊಂದೇ ಗೆಲಾಕ್ಸಿಯನ್ನು ಹಿಗ್ಗಿಸಿ ತೆಗೆದ ಚಂದದ ಚಿತ್ರಕ್ಕಿಂತ, ಎರಡು ಬೇರೆ ಜಾತಿಯವು ಒಟ್ಟಿಗೆ ಕೂತ ಸಾಧಾರಣ ಚಿತ್ರ ಹೆಚ್ಚು ಕಲಿಸುತ್ತದೆ.

ಮಬ್ಬನ್ನು ಅಳೆದದ್ದು

ಇಲ್ಲಿಂದ ಮುಂದಿನದು ಆ ಹುಡುಗಿಯ ಕೆಲಸ. ನಾವು ಪಕ್ಕದಲ್ಲಿ ಕೂತು ನೋಡಿದವರು.

ಮೊದಲು ಚಿತ್ರಕ್ಕೆ ಯಾವ ಮೇಕಪ್ಪೂ ಮಾಡಬಾರದು. ಫೋಟೋ ಚಂದ ಕಾಣಲಿ ಅಂತ ಮಸುಕಾದ ಭಾಗವನ್ನು ಎತ್ತಿ ತೋರಿಸುವ ಅಭ್ಯಾಸ ಎಲ್ಲರಿಗೂ ಇದೆ. ಒಮ್ಮೆ ಹಾಗೆ ಮಾಡಿದರೆ ಬೆಳಕಿನ ಅಳತೆ ಹೋಯಿತು. ಕ್ಯಾಮೆರಾ ಕೊಟ್ಟ ಕಚ್ಚಾ ಅಂಕಿಗಳೇ ಬೇಕು. ಎರಡನೆಯದಾಗಿ, ಲೆನ್ಸಿನ ಅಂಚಿನಲ್ಲಿ ಬೆಳಕು ಕಡಿಮೆಯಾಗುತ್ತದೆ. ಅದನ್ನು ಸರಿಮಾಡೋಕೆ ಬೆಳಗಾಗುವ ಹೊತ್ತಿನ ಖಾಲಿ ಆಕಾಶದ ಫೋಟೋಗಳನ್ನು ಅವಳು ಮೊದಲೇ ತೆಗೆದಿಟ್ಟಿದ್ದಳು. ಈ ಕೆಲಸ ಬಿಟ್ಟಿದ್ದರೆ ಗೆಲಾಕ್ಸಿಯ ಅಂಚು ಅಂತ ಲೆನ್ಸಿನ ಅಂಚನ್ನೇ ಅಳೆದಿರುತ್ತಿದ್ದೆವು.

ಆಮೇಲೆ ಎಂ87ರ ನಡುವಿನಿಂದ ಹೊರಕ್ಕೆ ಒಂದೊಂದೇ ಉಂಗುರ ಎಳೆದು, ಪ್ರತಿ ಉಂಗುರದ ಸರಾಸರಿ ಬೆಳಕು ತೆಗೆದಳು. ಆಕಾಶದ ಸ್ವಂತ ಬೆಳಕನ್ನು ಕಳೆದಳು. ಎಂ100ಕ್ಕೂ ಹಾಗೇ. ನಂತರ ಗ್ರಾಫ್.

ಸುರುಳಿ ಗೆಲಾಕ್ಸಿಯ ತಟ್ಟೆಯಲ್ಲಿ ಬೆಳಕು ಒಂದು ಲೆಕ್ಕದಲ್ಲಿ ಇಳಿಯುತ್ತದೆ. ಇಷ್ಟು ದೂರ ಹೋದರೆ ಅರ್ಧ, ಇನ್ನೂ ಅಷ್ಟೇ ದೂರ ಹೋದರೆ ಅರ್ಧದ ಅರ್ಧ. ಕಾಂತಿಯನ್ನು ಲಾಗ್ ಅಳತೆಯಲ್ಲಿ, ಅಂದರೆ ಪ್ರತಿ ಅರ್ಧಕ್ಕೂ ಒಂದೇ ಅಳತೆಯ ಮೆಟ್ಟಿಲು ಇಳಿಯುವ ಹಾಗೆ, ದೂರದ ಎದುರು ಇಟ್ಟರೆ ಗೆರೆ ನೆಟ್ಟಗೆ ಬರುತ್ತದೆ. ಎಂ100ರ ಹೊರಭಾಗ ಹೆಚ್ಚುಕಡಿಮೆ ಹಾಗೇ ಬಂತು. ಎಂ87 ಹಾಗೆ ಬರಲಿಲ್ಲ. ಮೊದಲು ಗಕ್ಕನೆ ಇಳಿದು, ಆಮೇಲೆ ಇಳಿಯಲೊಲ್ಲದೆ ಎಳೆದುಕೊಂಡು ಹೋಯಿತು.

ಇದಕ್ಕೆ ಫ್ರಾನ್ಸಿನ ಜೆರಾರ್ ದ ವೋಕುಲರ್ 1948ರಲ್ಲೇ ಒಂದು ಸೂತ್ರ ಕೊಟ್ಟಿದ್ದಾನೆ. ದೂರದ ವರ್ಗಮೂಲ ತೆಗೆಯಿರಿ, ಬಂದದ್ದಕ್ಕೆ ಇನ್ನೊಮ್ಮೆ ವರ್ಗಮೂಲ ತೆಗೆಯಿರಿ. ಅದೇ ಲಾಗ್ ಅಳತೆಯ ಕಾಂತಿಯನ್ನು ಅದರ ಎದುರು ಇಡಿ. ದೀರ್ಘವೃತ್ತ ಗೆಲಾಕ್ಸಿಗಳು, ಅಂದರೆ ಎಂ87ರಂಥ ತೋಳಿಲ್ಲದ ನಯವಾದ ಗೆಲಾಕ್ಸಿಗಳು, ಆಗ ನೆಟ್ಟಗಿನ ಗೆರೆಯಾಗುತ್ತವೆ. ದೂರ 1ರಿಂದ 16ಕ್ಕೆ ಏರಿದರೂ ಈ ಲೆಕ್ಕದಲ್ಲಿ ಏರಿಕೆ 1ರಿಂದ 2ಕ್ಕೆ ಮಾತ್ರ. ಅಂದರೆ ಹೊರಗೆ ಹೋದ ಹಾಗೆ ಬೆಳಕು ಇಳಿಯೋದು ತುಂಬಾ ನಿಧಾನ. ಹುಡುಗಿಯ ಎಂ87 ಗ್ರಾಫ್ ನಡುಭಾಗದಲ್ಲಿ ಒಪ್ಪುವಷ್ಟು ನೆಟ್ಟಗೆ ಬಂತು. ಒಳತುದಿ ಬಾಗಿತ್ತು, ಯಾಕಂದರೆ ನಮ್ಮ ಗಾಳಿ ಮತ್ತು ಲೆನ್ಸು ಕೇಂದ್ರವನ್ನು ಹರಡಿಬಿಡುತ್ತವೆ. ಹೊರತುದಿಯಲ್ಲಿ ಆಕಾಶದ ಬೆಳಕು ಗೆದ್ದು ಚುಕ್ಕಿಗಳು ಚೆಲ್ಲಾಪಿಲ್ಲಿಯಾದವು.

ಐಪೀಸಿನಲ್ಲಿ ಅಂಚು ಸಿಗದೇ ಹೋದದ್ದಕ್ಕೆ ಉತ್ತರ ಈ ಗೆರೆಯಲ್ಲೇ ಇದೆ. ನಿಧಾನವಾಗಿ ಇಳಿಯುವ ಬೆಳಕಿಗೆ ಅಂಚೇ ಇರಲ್ಲ. ಫೋಟೋದ ಹೊತ್ತು ಜಾಸ್ತಿ ಮಾಡಿದಷ್ಟೂ ಗೆಲಾಕ್ಸಿ ದೊಡ್ಡದಾಗುತ್ತದೆ. ಸಾಮಾನ್ಯ ಚಿತ್ರಗಳಲ್ಲಿ ಎಂ87ರ ಅಗಲ ಹುಣ್ಣಿಮೆ ಚಂದ್ರನ ಕಾಲು ಭಾಗದಷ್ಟು. ಆ ದೂರಕ್ಕೆ ಲೆಕ್ಕ ಹಾಕಿದರೆ ಸುಮಾರು 1.3 ಲಕ್ಷ ಜ್ಯೋತಿರ್ವರ್ಷ. ದೊಡ್ಡ ದೂರದರ್ಶಕಗಳಲ್ಲಿ ಹಿಡಿದ ಮಸುಕಾದ ಹೊರಭಾಗ ಕೇಂದ್ರದಿಂದ ಸುಮಾರು 5 ಲಕ್ಷ ಜ್ಯೋತಿರ್ವರ್ಷದವರೆಗೂ ಹೋಗುತ್ತದೆ. ಅದಕ್ಕೇ ಇಂಥ ಗೆಲಾಕ್ಸಿಯ ಗಾತ್ರ ಇಷ್ಟೇ ಅಂತ ಒಂದೇ ಅಂಕಿ ಕೊಟ್ಟವರ ಮಾತನ್ನು ನಾನು ಸುಲಭಕ್ಕೆ ನಂಬಲ್ಲ.

ತೋಳು ಯಾಕಿಲ್ಲ

ಮುಂದಿನ ಭಾನುವಾರ ಮೇಷ್ಟ್ರ ಶಾಲೆಯಲ್ಲಿ ಮಕ್ಕಳಿಗೆ ಫೋಟೋ, ಗ್ರಾಫ್ ತೋರಿಸಿದೆವು. ಸುಳಿ ಕೇಳಿದ್ದ ಹುಡುಗಿ ಬಿಡಲಿಲ್ಲ. "ಇಲ್ಲ ಅಂತ ಗೊತ್ತಾಯ್ತು ಸಾರ್. ಯಾಕಿಲ್ಲ?"

ಸುರುಳಿಯ ತೋಳು ಬೇಕಾದರೆ ಎರಡು ಸಾಮಾನು ಬೇಕು. ಒಂದು, ಎಲ್ಲ ನಕ್ಷತ್ರಗಳೂ ಒಂದೇ ಕಡೆಗೆ ಸುತ್ತುವ ತಟ್ಟೆ. ಇನ್ನೊಂದು, ತಣ್ಣಗಿನ ಅನಿಲ. ತೋಳುಗಳು ನಮಗೆ ಎದ್ದು ಕಾಣೋದು ಅಲ್ಲಿ ಹೊಸದಾಗಿ ಹುಟ್ಟಿದ ನೀಲಿ ನಕ್ಷತ್ರಗಳಿಂದ, ಅವು ಹುಟ್ಟೋದು ತಣ್ಣಗಿನ ಅನಿಲದಿಂದ. ಎಂ87ರಂಥ ದೈತ್ಯರಲ್ಲಿ ಎರಡೂ ಇಲ್ಲ.

ತಟ್ಟೆಯ ಮಾತು ಮೊದಲು. ನಾಯಕನಹಟ್ಟಿಯ ತಿಪ್ಪೇಸ್ವಾಮಿ ಜಾತ್ರೆಗೆ ಹೋಗಿ ಬಂದ ಮಕ್ಕಳೇ ಅಲ್ಲಿ ಜಾಸ್ತಿ ಇದ್ದರು. ಹಾಗಾಗಿ ಮೇಷ್ಟ್ರು ಅದನ್ನೇ ಎತ್ತಿದರು. ತೇರು ಎಳೆಯುವಾಗ ಇಡೀ ಜನ ಒಂದೇ ಕಡೆ ಸಾಗುತ್ತಾರೆ, ಅದು ಸುರುಳಿ ಗೆಲಾಕ್ಸಿ. ತೇರು ನಿಂತ ಮೇಲೆ ಒಬ್ಬರು ಮಂಡಕ್ಕಿ ಅಂಗಡಿಗೆ, ಒಬ್ಬರು ಗುಡಿಗೆ, ಒಬ್ಬರು ಬಸ್ಸಿಗೆ. ಜನ ಅಷ್ಟೇ ಇದ್ದಾರೆ, ಓಡಾಟ ಇನ್ನೂ ಜೋರು, ಆದರೆ ಒಟ್ಟು ಗುಂಪು ಎಲ್ಲಿಗೂ ಹೋಗುತ್ತಿಲ್ಲ. ಅದು ಎಂ87.

ನಮ್ಮ ಹಾಲುಹಾದಿಯಲ್ಲಿ ಸೂರ್ಯ ಸೆಕೆಂಡಿಗೆ ಸುಮಾರು 220–230 ಕಿ.ಮೀ. ವೇಗದಲ್ಲಿ, ಅಕ್ಕಪಕ್ಕದವರ ಜೊತೆಗೇ ಸುತ್ತುತ್ತಾನೆ. ಎಂ87ರ ನಡುಭಾಗದಲ್ಲಿ ನಕ್ಷತ್ರಗಳ ವೇಗ 300 ಕಿ.ಮೀ. ದಾಟುತ್ತದೆ, ಆದರೆ ದಿಕ್ಕು ಒಬ್ಬೊಬ್ಬರದು ಒಂದೊಂದು. ಗೆಲಾಕ್ಸಿ ಕುಸಿಯದೆ ನಿಂತಿರೋದು ಈ ಅಡ್ಡಾದಿಡ್ಡಿ ಓಟದಿಂದ, ಸುತ್ತುವಿಕೆಯಿಂದ ಅಲ್ಲ. ಬಹಳ ಕಾಲ ವಿಜ್ಞಾನಿಗಳೂ ಬೇರೆ ಥರ ತಿಳಿದಿದ್ದರು. ದೀರ್ಘವೃತ್ತ ಗೆಲಾಕ್ಸಿ ಚಪ್ಪಟೆಯಾಗಿದ್ದರೆ ಅದು ಜೋರಾಗಿ ತಿರುಗುತ್ತಿರಬೇಕು ಅಂತ. 1975ರಲ್ಲಿ ಇಟಲಿಯ ಬರ್ಟೋಲಾ ಮತ್ತು ಕಪಾಚೊಲಿ ಎನ್‌ಜಿಸಿ 4697 ಅನ್ನೋ ಚಪ್ಪಟೆ ಗೆಲಾಕ್ಸಿಯ ಸುತ್ತುವಿಕೆ ಅಳೆದರು. ಚಪ್ಪಟೆಗೆ ತಕ್ಕಷ್ಟು ತಿರುಗಾಟ ಅಲ್ಲಿರಲಿಲ್ಲ. ಹಳೆಯ ಲೆಕ್ಕ ಅಲ್ಲಿಗೆ ಬಿತ್ತು.

ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಇಂಥ ಗೆಲಾಕ್ಸಿಗಳಿಗೆ ಕೊಟ್ಟ ಹೆಸರುಗಳ ಬಗ್ಗೆಯೂ ಒಂದು ಮಾತು. ದುಂಡಗಿದ್ದರೆ ಇ0, ಉದ್ದುದ್ದ ಆದ ಹಾಗೆ ಇ7ರವರೆಗೆ. ಎಂ87 ಇ0–ಇ1ರ ಆಸುಪಾಸು. ಆದರೆ ಇದು ನಮಗೆ ಕಾಣುವ ಆಕಾರ ಮಾತ್ರ, ನಿಜದ ಆಕಾರ ಅಲ್ಲ. 2023ರಲ್ಲಿ ಹವಾಯಿಯ ಕೆಕ್ ದೂರದರ್ಶಕದಿಂದ ನಕ್ಷತ್ರಗಳ ವೇಗವನ್ನು ಇಡೀ ಗೆಲಾಕ್ಸಿಯಲ್ಲಿ ಅಳೆದವರಿಗೆ, ಎಂ87ರ ಉದ್ದ, ಅಗಲ, ದಪ್ಪ ಮೂರೂ ಬೇರೆ ಬೇರೆ ಅಂತ ಸಿಕ್ಕಿತು. ನಾವು ಹೊಲದಲ್ಲಿ ದುಂಡಗಿದೆ ಅಂದದ್ದು ನಾವು ನಿಂತ ಜಾಗದಿಂದ.

ಇಷ್ಟೊಂದು ಅಡ್ಡಾದಿಡ್ಡಿ ಓಟ ಎಲ್ಲಿಂದ ಬಂತು? ಗೆಲಾಕ್ಸಿಗಳು ಒಂದಕ್ಕೊಂದು ಸೇರಿಕೊಂಡದ್ದರಿಂದ. 1970ರ ದಶಕದಲ್ಲಿ ಆಲಾರ್ ಟೂಮ್ರೆ ಅನ್ನೋ ವಿಜ್ಞಾನಿ ಇದನ್ನು ಗಟ್ಟಿಯಾಗಿ ಹೇಳಿದ. ಎರಡು ತಟ್ಟೆಗಳು ಢಿಕ್ಕಿ ಹೊಡೆದಾಗ ನಕ್ಷತ್ರಕ್ಕೆ ನಕ್ಷತ್ರ ತಾಗುವುದಿಲ್ಲ, ಅವುಗಳ ನಡುವೆ ಅಷ್ಟು ಖಾಲಿ ಜಾಗ ಇದೆ. ಕದಡಿಹೋಗೋದು ಗುರುತ್ವ. ಎಳೆತದ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗಿ ನಕ್ಷತ್ರಗಳ ದಾರಿಗಳೆಲ್ಲ ಕಲಸಿಹೋಗುತ್ತವೆ. ಎಲ್ಲ ಶಾಂತವಾದ ಮೇಲೆ ಉಳಿಯೋದು ನಯವಾದ, ಗೆರೆಯಿಲ್ಲದ ಒಂದು ರಾಶಿ. ಎಂ87ರಂಥ ದೈತ್ಯರು ಹೀಗೆ ಒಂದಲ್ಲ, ಹಲವು ಗೆಲಾಕ್ಸಿಗಳನ್ನು ನುಂಗಿ ಬೆಳೆದವರು. ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳಿರುವ ಗುಂಪಿನ ನಡುವೆ ಕೂತರೆ ತಿನ್ನೋಕೆ ಬರಗಾಲ ಇರಲ್ಲ.

ನುಂಗಿದ್ದಕ್ಕೆ ಸಾಕ್ಷಿ ಇದೆ. ಗೋಳಾಕಾರದ ತಾರಾಗುಚ್ಛಗಳು ಹಾಲುಹಾದಿಯಲ್ಲಿ ಸುಮಾರು 150, ಎಂ87ರ ಸುತ್ತ ಸುಮಾರು 12,000. ನುಂಗಿದ ಒಂದೊಂದು ಗೆಲಾಕ್ಸಿಯೂ ತನ್ನ ಗುಚ್ಛಗಳನ್ನು ಇಲ್ಲಿ ಬಿಟ್ಟುಹೋಗಿದೆ. ಇನ್ನೊಂದು ಸಾಕ್ಷಿ 2015ರದು. ಎಂ87ರ ಹೊರಭಾಗದ ಸುಮಾರು 300 ಗ್ರಹ ನೀಹಾರಿಕೆಗಳ (ಸಾಯುವ ನಕ್ಷತ್ರಗಳು ಬಿಟ್ಟ ಹೊಳೆಯುವ ಅನಿಲದ ಚಿಪ್ಪುಗಳು) ವೇಗ ಅಳೆದಾಗ, ಅವುಗಳಲ್ಲಿ ಒಂದಷ್ಟು ಬೇರೆ ಮನೆಯಿಂದ ಬಂದವು ಅಂತ ತಿಳಿಯಿತು. ಕಳೆದ ನೂರು ಕೋಟಿ ವರ್ಷಗಳೊಳಗೆ ಮಧ್ಯಮ ಗಾತ್ರದ ಒಂದು ಸುರುಳಿ ಗೆಲಾಕ್ಸಿ ಅದರೊಳಗೆ ಸೇರಿಹೋಗಿದೆ. ಚಿತ್ರದಲ್ಲಿ ನೋಡಿದರೆ ಆ ಗೆಲಾಕ್ಸಿಯ ಆಕಾರ ಎಲ್ಲೂ ಸಿಗುವುದಿಲ್ಲ. ಅದು ಸಿಕ್ಕಿಬಿದ್ದದ್ದು ವೇಗದ ಲೆಕ್ಕದಲ್ಲಿ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದದ್ದು ಇದೇ. ಎಂ87ರ ಮಬ್ಬು ಖಾಲಿ ಹಾಳೆ ಅಲ್ಲ, ಎಷ್ಟೋ ಸಲ ಬರೆದು ಅಳಿಸಿದ ಹಾಳೆ.

ಅನಿಲ ಎಲ್ಲಿ ಹೋಯಿತು

ತಣ್ಣಗಿನ ಅನಿಲ ಇಲ್ಲ ಅಂದೆವು. ಅನಿಲವೇ ಇಲ್ಲ ಅಂತಲ್ಲ. ಬೇಕಾದಷ್ಟಿದೆ, ಆದರೆ ಕೋಟಿಗಟ್ಟಲೆ ಡಿಗ್ರಿ ಬಿಸಿಯಲ್ಲಿ. ಕಣ್ಣಿಗೆ ಕಾಣಲ್ಲ, ಎಕ್ಸ್-ರೇಯಲ್ಲಿ ಹೊಳೆಯುತ್ತದೆ. ಅಷ್ಟು ಬಿಸಿ ಅನಿಲ ಮುದುಡಿ ನಕ್ಷತ್ರ ಆಗೋದಿಲ್ಲ. ಅದಕ್ಕೇ ಎಂ87ರಲ್ಲಿ ಹೊಸ ನಕ್ಷತ್ರಗಳ ಹುಟ್ಟು ಹೆಚ್ಚುಕಡಿಮೆ ನಿಂತುಹೋಗಿದೆ. ಇರುವ ನಕ್ಷತ್ರಗಳಲ್ಲಿ ಹೆಚ್ಚಿನವು ಸಾವಿರ ಕೋಟಿ ವರ್ಷದ ಆಸುಪಾಸಿನ ಮುದುಕರು, ಹಳದಿ-ಕೆಂಪು ಬಣ್ಣದವರು. ನಮ್ಮ ಫೋಟೋದಲ್ಲೂ ಎಂ100ರ ತೋಳು ತುಸು ನೀಲಿ, ಎಂ87 ಹಳದಿ. ಪೋಸ್ಟರುಗಳಲ್ಲಿ ಬಣ್ಣ ಜಾಸ್ತಿ ತುಂಬಿ ಎಲ್ಲ ಗೆಲಾಕ್ಸಿಗಳನ್ನೂ ಒಂದೇ ಥರ ಮಿಂಚಿಸುವವರು ಈ ವ್ಯತ್ಯಾಸವನ್ನೇ ಕೊಂದುಹಾಕುತ್ತಾರೆ.

ಇಲ್ಲಿ ಒಂದು ತೊಡಕಿದೆ. ಎಕ್ಸ್-ರೇ ಸೂಸುವ ಅನಿಲ ಶಾಖ ಕಳೆದುಕೊಳ್ಳುತ್ತಾ ಇರುತ್ತದೆ. ಬಿಟ್ಟರೆ ತಣ್ಣಗಾಗಿ ನಡುವಿಗೆ ಸುರಿಯಬೇಕು, ನಕ್ಷತ್ರಗಳು ಹುಟ್ಟಬೇಕು. ಹಾಗಾಗ್ತಿಲ್ಲ. ಯಾರೋ ಒಲೆ ಉರಿಸುತ್ತಿದ್ದಾರೆ. ಆ ಒಲೆ ನಡುವಿನ ಕಪ್ಪುಕುಳಿ.

ಮಕ್ಕಳಿಗೆ ಕಪ್ಪುಕುಳಿ ಗೊತ್ತಿತ್ತು. 2019ರ ಏಪ್ರಿಲ್ 10ರಂದು ಬಂದ ಕಿತ್ತಳೆ ಬಣ್ಣದ ಉಂಗುರದ ಚಿತ್ರ ಎಲ್ಲರ ಮೊಬೈಲಿನಲ್ಲೂ ಬಂದಿತ್ತು. "ಅದು ಇದೇನಾ?" ಅಂತ ಇಡೀ ಕ್ಲಾಸು ಎದ್ದು ನಿಂತಿತು. ಇದೇ. ಆ ಕಪ್ಪುಕುಳಿಯ ತೂಕ ಸುಮಾರು 650 ಕೋಟಿ ಸೂರ್ಯರಷ್ಟು. ಕೆಕ್‌ನವರ ಲೆಕ್ಕದಲ್ಲಿ 540 ಕೋಟಿಯ ಹತ್ತಿರ ಬರುತ್ತದೆ. ಉಂಗುರ ಎಷ್ಟು ಸಣ್ಣದು ಅಂದರೆ, ಹುಣ್ಣಿಮೆ ಚಂದ್ರನ ಅಗಲವನ್ನು ನಾಲ್ಕು ಕೋಟಿಗೂ ಹೆಚ್ಚು ಪಾಲು ಮಾಡಿದರೆ ಒಂದು ಪಾಲು. ಅದನ್ನು ಹಿಡಿಯೋಕೆ 2017ರಲ್ಲಿ ಭೂಮಿಯ ಬೇರೆ ಬೇರೆ ಕಡೆಯ ಎಂಟು ರೇಡಿಯೋ ದೂರದರ್ಶಕಗಳನ್ನು ಒಟ್ಟು ಸೇರಿಸಬೇಕಾಯಿತು. ಉಂಗುರದ ಚಿತ್ರ ಊರಿಗೆಲ್ಲ ಗೊತ್ತು, ಅದು ಕೂತಿರುವ ಗೆಲಾಕ್ಸಿ ಯಾರಿಗೂ ಗೊತ್ತಿಲ್ಲ. ಇದು ನನಗೆ ಸ್ವಲ್ಪ ಬೇಜಾರಿನ ವಿಷಯ.

ಕಪ್ಪುಕುಳಿಯ ಸುತ್ತ ಬೀಳುವ ವಸ್ತುವಿನ ಒಂದು ಪಾಲು ಒಳಗೆ ಹೋಗದೆ, ಬೆಳಕಿಗೆ ಹತ್ತಿರದ ವೇಗದಲ್ಲಿ ಹೊರಕ್ಕೆ ಚಿಮ್ಮುತ್ತದೆ. 1918ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಹೀಬರ್ ಕರ್ಟಿಸ್ ಎಂ87ರ ನಡುವಿನಿಂದ ಹೊರಟ ಒಂದು ನೇರ ಗೆರೆಯನ್ನು ಗುರುತಿಸಿ ಬರೆದಿಟ್ಟ. ಅದು ಈ ಚಿಮ್ಮು. ಉದ್ದ ಸುಮಾರು 5,000 ಜ್ಯೋತಿರ್ವರ್ಷ. ಇದು ಸುತ್ತಲಿನ ಬಿಸಿ ಅನಿಲಕ್ಕೆ ಗುದ್ದಿ, ಅದರಲ್ಲಿ ಗುಳ್ಳೆಗಳನ್ನೂ ಅಲೆಗಳನ್ನೂ ಎಬ್ಬಿಸಿದೆ. ನಾಸಾದ 'ಚಂದ್ರಾ' ಅನ್ನೋ ಎಕ್ಸ್-ರೇ ದೂರದರ್ಶಕದ ಚಿತ್ರಗಳಲ್ಲಿ ಅವು ಚೆನ್ನಾಗಿ ಕಾಣುತ್ತವೆ. ಅನಿಲ ತಣ್ಣಗಾಗದೆ ಉಳಿದಿರೋದು ಹೆಚ್ಚಾಗಿ ಈ ಗುದ್ದಿನಿಂದ. ಅಂದರೆ ಹುಡುಗಿ ಕೇಳಿದ ಸುಳಿ ಇಲ್ಲದಿರೋಕೆ, ಆ ಕಿತ್ತಳೆ ಉಂಗುರವೂ ಒಂದು ಕಾರಣ.

ಕೊನೆಗೆ ಒಬ್ಬ ಹುಡುಗ ಕೇಳಿದ: "ನಮ್ಮದೂ ಹಿಂಗೇ ಆಗುತ್ತಾ ಸಾರ್?" ಹಾಲುಹಾದಿಯೂ ಆಂಡ್ರೊಮಿಡಾವೂ ಸೇರಿದರೆ ಬಹುಶಃ ಆಗುತ್ತದೆ, ಎಂ87ರಷ್ಟು ದೊಡ್ಡದಲ್ಲ. 2012ರ ಲೆಕ್ಕದಲ್ಲಿ ಇನ್ನು ಸುಮಾರು 400 ಕೋಟಿ ವರ್ಷಕ್ಕೆ ಢಿಕ್ಕಿ ಖಚಿತ ಅಂದಿದ್ದರು. 2025ರ ಹೊಸ ಲೆಕ್ಕ ಮುಂದಿನ ಸಾವಿರ ಕೋಟಿ ವರ್ಷದಲ್ಲಿ ಅರ್ಧಕ್ಕರ್ಧ ಸಾಧ್ಯತೆ ಅನ್ನುತ್ತದೆ.

ಈಗ ಏನು ಬದಲಾಯಿಸಿದ್ದೇವೆ

ಕಾರ್ಯಕ್ರಮದ ಸಾಲನ್ನು ತಿರುವಿಹಾಕಿದೆವು. ಎಂ87ನ್ನು ಮೊದಲು ತೋರಿಸಲ್ಲ. ಮೊದಲು ಎಂ104, ಅದರ ಪಟ್ಟಿ ಕಂಡವರ ಕಣ್ಣು ಪಳಗಿರುತ್ತದೆ. ಆಮೇಲೆ ಎಂ84, ಎಂ86 ಜೋಡಿ, ಒಂದೇ ನೋಟದಲ್ಲಿ ಎರಡು ಮಬ್ಬು. ಎಂ86 ಕನ್ಯಾ ಗುಂಪಿನೊಳಗೆ ಬೀಳುತ್ತಾ ನಮ್ಮ ಕಡೆಗೇ ಸೆಕೆಂಡಿಗೆ 240 ಕಿ.ಮೀ. ಆಸುಪಾಸಿನ ವೇಗದಲ್ಲಿ ಬರುತ್ತಿದೆ ಅಂದರೆ ಯಾರೂ ಬೇಗ ಕಣ್ಣು ತೆಗೆಯಲ್ಲ. ಕೊನೆಗೆ ಎಂ87, ಪಕ್ಕದಲ್ಲಿ ಮುದ್ರಿಸಿದ ಆ ಒಂದೇ ಫ್ರೇಮಿನ ಫೋಟೋ. "ಇದಕ್ಕೆ ತೋಳಿಲ್ಲ, ಹುಡುಕಬೇಡಿ. ನಡುವಿನಿಂದ ಹೊರಕ್ಕೆ ಬೆಳಕು ಹೇಗೆ ಇಳಿಯುತ್ತೆ ನೋಡಿ" ಅಂತ ಮೊದಲೇ ಹೇಳುತ್ತೇವೆ. ಹಾಗೆ ಹೇಳಿದ ಮೇಲೆ ಐಪೀಸಿನ ಮುಂದೆ ಜನ ನಿಲ್ಲುವ ಹೊತ್ತು ಜಾಸ್ತಿಯಾಗಿದೆ.

ಬಾಕಿ ಇರುವುದು ಕರ್ಟಿಸ್ ಕಂಡ ಗೆರೆ. ಆಕಾಶದಲ್ಲಿ ಅದು ಸುಮಾರು 20 ಆರ್ಕ್ ಸೆಕೆಂಡ್ ಉದ್ದ (ಒಂದು ಆರ್ಕ್ ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಪಾಲು). 200 ಮಿ.ಮೀ. ಲೆನ್ಸಿನಲ್ಲಿ ಐದಾರು ಪಿಕ್ಸೆಲ್, ಗೆಲಾಕ್ಸಿಯ ನಡುವಿನ ಹೊಳಪಿನಲ್ಲಿ ಮುಳುಗಿಹೋಗುತ್ತದೆ. 8 ಇಂಚಿನ ಕನ್ನಡಿಯನ್ನೇ ಲೆನ್ಸಾಗಿ ಬಳಸಿ, ತಿರುಗುವ ಪೀಠದ ಮೇಲಿಟ್ಟು, ನಡುಭಾಗ ಬೆಳ್ಳಗೆ ತುಂಬಿಹೋಗದ ಹಾಗೆ ಚಿಕ್ಕ ಚಿಕ್ಕ ಫೋಟೋ ತೆಗೆದರೆ ಸಿಗುತ್ತದೆ. ಹವ್ಯಾಸಿಗಳು ಹೀಗೆ ತೆಗೆದದ್ದಿದೆ. ಅಂಥ ಪೀಠವೊಂದನ್ನು ದಾವಣಗೆರೆಯ ಸ್ನೇಹಿತರಿಂದ ಕೇಳಿದ್ದೇವೆ, ಮುಂದಿನ ಅಮಾವಾಸ್ಯೆಗೆ ಕೊಡುತ್ತಾರಂತೆ. ಆ ಹೊತ್ತಿಗೆ ಎಂ87 ಹತ್ತೂವರೆಗೇ ನೆತ್ತಿಗೆ ಬಂದಿರುತ್ತದೆ. ಅದು ಅಶ್ವಿನಿ, ಭರಣಿ ಮಳೆಗಳ ಕಾಲವೂ ಹೌದು. ಹೊಲದ ಅಜ್ಜನಿಗೆ ತಾರೀಕು ಹೇಳಿದಾಗ ಅವರು, ಮೋಡ ಬರಲಿ ಅಂತಲೇ ತಾನು ಬೇಡಿಕೊಳ್ಳೋದು, ನೀವು ಬೇಕಾದ್ರೆ ಮರುದಿನ ಬನ್ನಿ ಅಂದರು.